ಮಕ್ಕಳ ಪುಸ್ತಕ ಓದ್ಲಕ ನನಗೇ ಖುಷಿ ಆಗ್ಲತ್ತದ, ಟೈಮ್ ಎಲ್ಲಿಂದ ತರ್ಲಿ?

ರಾತ್ರಿಪಾಳಿ ಅವ್ವ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ನಾನು ಕಲಬುರಗ್ಯಾಗ ಒಂದು ದವಾಖಾನಿಯೊಳಗ ನರ್ಸ್ ಅದೀನಿ. ಮಗಳಿಗಿ ಆರು ವರ್ಷ, ಮಗನಿಗಿ ಮೂರು. ಮನಿಯವರು ವಾಡಿ ಕಡಿ ಕೆಲಸಕ್ಕ ಹೋಗ್ತಾರ, ಹೊಳ್ಳಿ ಬರೋದ್ರಾಗ ರಾತ್ರಿ ಎಂಟೂವರಿ ಆಗ್ತದ. ತಿಂಗಳದಾಗ ಎಂಟು-ಹತ್ತು ದಿನ ನನಗ ರಾತ್ರಿ ಪಾಳಿ. ಇಷ್ಟೆಲ್ಲಾ ಯಾಕ ಹೇಳ್ಲತ್ತೀನಿ ಅಂದ್ರ, ನಮ್ಮ ಮನ್ಯಾಗ ಟೈಮ್ ಎಷ್ಟು ತುಟ್ಟಿ ಅದ ಅಂತ ನಿಮಗ ತಿಳೀಲಿ.

ಹೋದ ತಿಂಗಳ ಒಂದು ರಾತ್ರಿ, ಕಳಕೊಂಡ ಎಮ್ಮಿ ಹುಡುಕೊಂಡು ಹೋಗೋ ಹುಡುಗನ ಪುಸ್ತಕ ಓದಿ ಹೇಳ್ಲತ್ತಿದ್ದೆ. ಒಂಬತ್ತನೇ ಪುಟಕ್ಕ ಇಬ್ಬರೂ ಮಲಗಿಬಿಟ್ರು. ಪುಸ್ತಕ ಮುಚ್ಚಿ ಭಾಂಡಿ ತಿಕ್ಕಬೇಕಿತ್ತು. ಮುಚ್ಚಲಿಲ್ರಿ. ಎಮ್ಮಿ ಸಿಗ್ತದೋ ಇಲ್ಲೋ ಅಂತ ಜೀವ ತಡೀಲಿಲ್ಲ. ಲೈಟ್ ಆರಿಸಿ ಮೊಬೈಲ್ ಬೆಳಕಿನ್ಯಾಗ ಕೊನೀ ಪುಟದ ತನಕ ಓದಿದೆ. ಮುಂಜಾನಿ ಮಗಳಿಗಿ ‘ಎಮ್ಮಿ ಕೆರಿಯೊಳಗ ಸಿಕ್ತು ನೋಡು’ ಅಂದ್ರ ಅಕಿ ಸಿಟ್ಟಾದಳು. ‘ನೀ ಒಬ್ಬಕಿನೇ ಯಾಕ ಓದಿದಿ?’ ಆಮ್ಯಾಲ ಪುಸ್ತಕ ತಂದು ನನ್ನ ಮುಂದ ಹಿಡಿದಳು. ಪ್ರತಿ ಪುಟದಾಗೂ ಮೂಲ್ಯಾಗ ಒಂದು ಸಣ್ಣ ನಾಯಿ. ಬರಹದಾಗ ಆ ನಾಯಿ ಸುದ್ದಿನೇ ಇಲ್ಲ. ‘ಅವ್ವಾ, ನಾಯಿಗಿ ಮದ್ಲೇ ಗೊತ್ತಿತ್ತು. ನೋಡು, ಅದು ಎಲ್ಲಾ ಪುಟದಾಗೂ ಕೆರಿ ಕಡಿನೇ ಮಾರಿ ಮಾಡಿ ನಿಂತದ.’ ಖರೇನೇ ಇತ್ತು! ನಾನು ಅಕ್ಷರ ಓದ್ಲತ್ತಿದ್ದೆ, ಅಕಿ ಪುಸ್ತಕ ಓದ್ಲತ್ತಿದ್ದಳು. ಆವತ್ತಿನಿಂದ ನನಗ ಹುಚ್ಚೇ ಹಿಡಿದದ. ಮಕ್ಕಳಿಗೋಸ್ಕರ ಅಂತಲ್ಲ, ನನಗೋಸ್ಕರ ಓದ್ಲತ್ತೀನಿ.

ನಾ ಸಣ್ಣಾಕಿ ಇದ್ದಾಗ ನಮ್ಮ ಮನ್ಯಾಗ ಸಾಲಿ ಪುಸ್ತಕ ಬಿಟ್ರ ಬ್ಯಾರೆ ಪುಸ್ತಕ ಇರಲಿಲ್ಲ. 2020ರ ಫೆಬ್ರವರಿದಾಗ ನಮ್ಮ ಯುನಿವರ್ಸಿಟಿ ಬಯಲಾಗ 85ನೇ ಸಾಹಿತ್ಯ ಸಮ್ಮೇಳನ ಆತಲ್ಲ, ಮಕ್ಕಳಿಗಾಗಿ ಭಾಳ ಬರೆದ ಎಚ್.ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷರಿದ್ರು. ಮಗಳು ಆವಾಗ ಕೈಗೂಸು. ಅಕಿನ್ನ ಎತ್ಗೊಂಡೇ ಅಂಗಡಿ ಅಂಗಡಿ ತಿರುಗಿ ಆರು ತೆಳ್ಳನ ಪುಸ್ತಕ ತಂದಿದ್ದೆ. ಐದು ವರ್ಷ ಅಲ್ಮಾರ್ಯಾಗ ಸೀರಿ ಕೆಳಗ ಬಿದ್ದಿದ್ವು. ಈಗ ಹೊರಗ ಬಂದಾವ.

ಇನ್ನ ಆಡಿಯೋ. ಸಂಜೀಕ ರೊಟ್ಟಿ ಮಾಡೋವಾಗ ಮೊಬೈಲ್‌ನ್ಯಾಗ ಕಥಿ ಹಚ್ತೀನಿ. ಆದ್ರ ರೊಟ್ಟಿ ಬಡಿಯೋ ಸಪ್ಪಳದಾಗ ಏನೂ ಕೇಳಸಲ್ಲ. ಅದಕ ಮಗಳು ತಾನೇ ಒಂದು ದಾರಿ ಹುಡಕ್ಯಾಳ. ನಾ ಬಡಿಯೋವಾಗ ಕಥಿ ನಿಲ್ಲಸ್ತಾಳ, ರೊಟ್ಟಿ ಹಂಚಿಗಿ ಬಿದ್ದ ಕೂಡ್ಲೇ ಹಚ್ತಾಳ. ನಿಂತಾಗ ‘ಮುಂದ ಏನಾಗ್ತದ, ನೀ ಹೇಳು’ ಅಂತ ನನಗ ಕೇಳ್ತಾಳ. ನಾ ಒಂದು ಹೇಳ್ತೀನಿ, ಅಕಿ ಒಂದು ಹೇಳ್ತಾಳ. ಹದಿನೆಂಟು ರೊಟ್ಟಿಗಿ ಒಂದು ಕಥಿ ಮುಗೀತದ. ದಿನದಾಗ ಅದರಷ್ಟು ಖುಷಿ ನನಗ ಮತ್ತ್ಯಾವಾಗೂ ಇಲ್ಲ.

ಈಗ ನನ್ನ ಪ್ರಶ್ನಿ. ನೀವು ಯಾವಾಗ ಓದ್ತೀರಿ, ಯಾವಾಗ ಕೇಳ್ತೀರಿ? ಮತ್ತ ಆಡಿಯೋದವರ ಕನ್ನಡ ನಮ್ಮ ಕನ್ನಡದಂಗ ಇರಲ್ಲ. ‘ಹೋಗ್ತಾ ಇದ್ದೀನಿ’ ಅಂತಾರ. ಮಗಳು ‘ಇವರು ಬೆಂಗಳೂರಾಗ ಇರ್ತಾರೇನು?’ ಅಂತಾಳ. ಪುಸ್ತಕ ಓದೋವಾಗ ನಾ ಅದನ್ನ ನಮ್ಮ ಮಾತಿಗಿ ಹೊಳ್ಳಿಸಿ ಓದ್ತೀನಿ. ಅದು ತಪ್ಪೇನ್ರಿ?

ಹುಮನಾಬಾದ್ ಅಪ್ಪ

ಅಕ್ಕಾ, ಸಂಜಿ ರೈಲಿನ್ಯಾಗ ಕೂತೇ ಇದು ಬರೀಲತ್ತೀನಿ. ನಾ ದಿನಾ ಹುಮನಾಬಾದಿನಿಂದ ಕಲಬುರಗಿಗಿ ಕೆಲಸಕ್ಕ ಬರ್ತೀನಿ. 2017ರ ಅಕ್ಟೋಬರದಾಗ ಬೀದರ್–ಕಲಬುರಗಿ ಲೈನ್ ಸುರು ಆಗೋ ಮದ್ಲು ಬಸ್ಸಿನ್ಯಾಗ ನಿಂತು ಓಡಾಡಿದವ. ಈಗ ಕೂಡ್ಲಕ ಜಾಗಾ ಸಿಗ್ತದ. ಕಿವ್ಯಾಗ ಮಕ್ಕಳ ಕಥಿ ಹಾಕ್ಕೊಂಡು ಕೂಡ್ತೀನಿ. ಮಕ್ಕಳಿಲ್ಲದೇ, ನಾನೊಬ್ಬನೇ.

ಕಾರಣ ಹೇಳ್ತೀನಿ. ನಾ ಮನಿ ಮುಟ್ಟಿದ ಮ್ಯಾಲ ಮಕ್ಕಳು ಅರ್ಧ ತಾಸು ಎಚ್ಚರ ಇರ್ತಾವ. ಆ ಅರ್ಧ ತಾಸಿನ್ಯಾಗ ಪುಸ್ತಕ ಹುಡುಕೋದು, ಯಾವ್ದು ಅನ್ನೋ ಜಗಳಾ, ಇದ್ರಾಗೇ ಹೊತ್ತು ಹೋಗ್ತಿತ್ತು. ಈಗ ರೈಲಿನ್ಯಾಗ ಒಂದು ಕಥಿ ಕೇಳಿ, ಕಮಲಾಪುರ ದಾಟೋ ತನಕ ಅದನ್ನ ಮನಸಿನ್ಯಾಗ ಕೂಡಸ್ಕೋತೀನಿ. ಮನಿಗಿ ಹೋಗಿ ಬಾಯಿಲೇ ಹೇಳ್ತೀನಿ. ಪುಸ್ತಕ ಬ್ಯಾಡ, ಲೈಟ್ ಬ್ಯಾಡ. ಕಥ್ಯಾಗಿನ ಪಟ್ಟಣ ಬೀದರ್ ಕ್ವಾಟಿ ಆಗ್ತದ, ನದಿ ಕಾರಂಜಾ ಆಗ್ತದ. ನಿಮ್ಮ ಎರಡನೇ ಪ್ರಶ್ನಿಗಿ ಇದೇ ನನ್ನ ಉತ್ತರ. ನಮ್ಮ ಮಾತಿಗಿ ಹೊಳ್ಳಿಸಿ ಹೇಳ್ರಿ, ಧೈರ್ಯದಿಂದ ಹೇಳ್ರಿ.

ಒಂದೇ ಸೂಚನಾ. ಕಥಿ ಮನ್ಯಾಗೇ ಡೌನ್‌ಲೋಡ್ ಮಾಡಿ ಇಟ್ಕೋರಿ. ಸುರಂಗದಾಗ ನೆಟ್ ಇರಲ್ಲ. ರಾಕ್ಷಸ ಬಾಗಿಲು ಬಡೀಲತ್ತಿದ್ದ, ಆಡಿಯೋ ಅಲ್ಲೇ ನಿಂತಿತು. ಮುಂದಿನ ಸ್ಟೇಷನ್ ತನಕ ನಾನೂ ಉಸುರು ಬಿಗಿ ಹಿಡಿದೇ ಕೂತಿದ್ದೆ.

ಆಳಂದ ರೋಡ್

ನನ್ನ ಮಾತು ಜರಾ ಬ್ಯಾರೆ ಅದ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ಮಗನಿಗಿ ಎಂಟು ವರ್ಷ. ಕಥಿ ಕೇಳ್ತೀನಂತ ಮೊಬೈಲ್ ಇಸ್ಕೋತಾನ, ಐದು ಮಿನಿಟಿಗಿ ವಿಡಿಯೋ ನೋಡ್ಕೋತ ಕೂತಿರ್ತಾನ. ಕೇಳೋದು, ನೋಡೋದು ಎಲ್ಲಾ ಒಂದೇ ಡಬ್ಬಿಯೊಳಗ ಇದ್ರ ಅದಕ್ಕ ಬೇಲಿ ಹಾಕೋರು ಯಾರು? ಮತ್ತ ಅವನ ಸಾಲಿ ಇಂಗ್ಲಿಷ್ ಮೀಡಿಯಂ. ಕನ್ನಡ ಅಕ್ಷರ ಕೂಡಿಸಿ ಓದ್ಲಕ ಒದ್ದಾಡ್ತಾನ. ಕಥಿ ಕೇಳಿ ಕೇಳಿ ಓದೋದೇ ಬಿಟ್ಟುಬಿಟ್ರ ಏನ್ ಮಾಡ್ಲಿ? ಇದು ನನಗ ಖರೇನೇ ಚಿಂತಿ ಅದ. ರಾತ್ರಿ ನಿದ್ದಿ ಬರಲ್ಲ.

ಶಹಾಪುರ ಮಾಸ್ತರ

ಆಳಂದ ರೋಡ್ ಅವರ ಚಿಂತೆ ಸರಿಯಾದದ್ದೇ. ನಾನು ಯಾದಗಿರಿ ಜಿಲ್ಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಮೊಬೈಲ್ ವಿಷಯ. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ತನ್ನಿ. ಮೊಬೈಲ್ ಅಲ್ಮಾರಿಯಲ್ಲಿರಲಿ, ಧ್ವನಿ ಮಾತ್ರ ಹೊರಗೆ ಬರಲಿ. ಹುಡುಗನ ಕೈಗೆ ಪರದೆ ಸಿಗಬಾರದು, ಕಿವಿಗೆ ಕಥೆ ಸಿಗಬೇಕು. ಇಯರ್‌ಫೋನ್ ಮಕ್ಕಳಿಗೆ ಬೇಡವೇ ಬೇಡ. ಮಕ್ಕಳ ಕಿವಿಗೆ 75 ಡೆಸಿಬೆಲ್ ಸದ್ದು, ಅದೂ ವಾರಕ್ಕೆ 40 ತಾಸು, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಇಯರ್‌ಫೋನಿನಲ್ಲಿ ಅದು ಎಷ್ಟಾಯಿತೆಂದು ನಮಗೆ ಗೊತ್ತಾಗುವುದಿಲ್ಲ. ಸ್ಪೀಕರ್ ಆದರೆ ಇಡೀ ಮನೆಯೇ ಕೇಳುತ್ತದೆ, ಜಾಸ್ತಿಯಾದರೆ ಯಾರಾದರೂ ಕಡಿಮೆ ಮಾಡುತ್ತಾರೆ.

ಎರಡನೆಯದು, ಕೇಳಿದರೆ ಓದು ಬಿಟ್ಟುಹೋಗುತ್ತದೆಯೇ? ನನ್ನ ಅನುಭವದಲ್ಲಿ ಹಾಗಾಗಿಲ್ಲ. ಎಂಟು ವರ್ಷದ ಹುಡುಗನ ಕಿವಿ ಅವನ ಕಣ್ಣಿಗಿಂತ ಬಹಳ ಮುಂದೆ ಇರುತ್ತದೆ. ತಾನೇ ಓದಲಾರದ ಕಥೆಯನ್ನು ಕೇಳಿ ಪೂರ್ತಿ ತಿಳಿದುಕೊಳ್ಳುತ್ತಾನೆ. ಓದುವ ಪುಸ್ತಕ ಅವನ ಶಕ್ತಿಗೆ ತಕ್ಕಂತಿರಲಿ, ಕೇಳುವ ಕಥೆ ಅದಕ್ಕಿಂತ ದೊಡ್ಡದಿರಲಿ. ಕೇಳಿದ ಕಥೆಯದೇ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು. ನನ್ನ ಮೂರನೇ ಇಯತ್ತೆಯಲ್ಲಿ ತಾಂಡಾದಿಂದ ಬರುವ ಒಬ್ಬ ಹುಡುಗನಿದ್ದ. ಮನೆಯಲ್ಲಿ ಲಂಬಾಣಿ ಮಾತು, ಪಠ್ಯದ ಕನ್ನಡ ಅವನಿಗೆ ಪರದೇಶದ ಮಾತಿನಂತೆ. ಒಂದೇ ಪುಸ್ತಕವನ್ನು ನಾನು ಹತ್ತು ಸಲ ಓದಿ ಹೇಳಿದೆ. ಹನ್ನೊಂದನೇ ಸಲ ಅವನೇ ಬಂದು ಪುಸ್ತಕ ಕಸಿದುಕೊಂಡು, ಬೆರಳಿಟ್ಟು, ನೆನಪಿನಿಂದಲೇ ಓದಿದ. ಅರ್ಧ ಓದು, ಅರ್ಧ ಬಾಯಿಪಾಠ. ಓದು ಶುರುವಾಗುವುದೇ ಹಾಗೆ.

ಪುಸ್ತಕ ಎಲ್ಲಿ ಸಿಗುತ್ತವೆ ಅನ್ನುವವರಿಗೆ: ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆದರು. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲದರಲ್ಲೂ ಚಿತ್ರಪುಸ್ತಕಗಳಿವೆ, ದುಡ್ಡಿಲ್ಲ. ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಕೆಲವಕ್ಕೆ ಧ್ವನಿಯೂ ಇದೆ, ಓದಿದ ಹಾಗೆ ಪದ ಬಣ್ಣ ಬದಲಿಸುತ್ತದೆ. ನಿಮ್ಮ ಮಗನಿಗೆ ಅದು ಸರಿಹೊಂದೀತು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರ ನವೆಂಬರ್ 14ಕ್ಕೆ ‘ಓದುವ ಬೆಳಕು’ ಎಂಬ ಮಕ್ಕಳ ಓದಿನ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳೂ ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಇನ್ನು ನಮ್ಮ ಮಾತಿಗೆ ಹೊರಳಿಸಿ ಓದುವುದು. ತಾಯಿ, ಅದು ತಪ್ಪಲ್ಲ. ಆದರೆ ಒಮ್ಮೆ ನಿಮ್ಮ ಮಾತಿನಲ್ಲಿ ಓದಿದರೆ ಇನ್ನೊಮ್ಮೆ ಪುಸ್ತಕದಲ್ಲಿದ್ದಂತೆಯೇ ಓದಿ. ಎರಡೂ ಕನ್ನಡ ಅವರದೇ ಆಗಬೇಕು. ‘ಹೊಂಟಾನ’ ಅನ್ನುವುದು ಮನೆಯದು, ‘ಹೊರಟಿದ್ದಾನೆ’ ಅನ್ನುವುದೂ ಪರರದಲ್ಲ.

ರೋಜಾ ಏರಿಯಾ ಅಬ್ಬಾ

ಸಲಾಂ ಎಲ್ಲರಿಗೂ. ನನ್ನ ಕನ್ನಡದಾಗ ತಪ್ಪು ಇದ್ರ ಮಾಫ್ ಮಾಡ್ರಿ. ಮನ್ಯಾಗ ನಮ್ದು ದಖನಿ. ನಾ ಓದಿದ್ದು ಉರ್ದು ಮೀಡಿಯಂ, ಏಳನೇತ್ತ ತನಕ. ಸೂಪರ್ ಮಾರ್ಕೆಟ್‌ನ್ಯಾಗ ಅಂಗಡಿ ಅದ. ಗಿರಾಕಿ ಕೂಡ ಕನ್ನಡ ಮಾತಾಡ್ತಿದ್ದೆ, ಓದ್ಲಕ ಬರ್ತಿರಲಿಲ್ಲ. ಬೋರ್ಡ್ ಮ್ಯಾಲಿನ ಹೆಸರು ಬ್ಯಾರೆಯವರಿಗಿ ಕೇಳ್ತಿದ್ದೆ.

ಮಗಳಿಗಿ ಕನ್ನಡ ಮೀಡಿಯಂಕ ಹಾಕೀನಿ. ಒಂದನೇತ್ತದಾಗ ಇದ್ದಾಗ ಸಾಲಿಯಿಂದ ದೊಡ್ಡ ಅಕ್ಷರದ್ದು ಪುಸ್ತಕ ತಂದಳು. ಪುಟಕ್ಕ ಒಂದೇ ಸಾಲು. ‘ಅಬ್ಬಾ, ಓದ್ರಿ’ ಅಂದಳು. ನನಗ ಬರಲ್ಲ ಅಂತ ಹೇಳ್ಲಕ ಆಗಲಿಲ್ಲ. ಚಿತ್ರ ನೋಡಿ ನಾನೇ ಕಥಿ ಕಟ್ಟಿ ಹೇಳಿದೆ. ಅಕಿಗಿ ತಿಳೀತು. ಏನೂ ಅನ್ಲಿಲ್ಲ. ನನ್ನ ಬೆರಳು ಹಿಡಿದು ‘ಇದು ಮ, ಇದು ಳೆ, ಮಳೆ’ ಅಂತ ಹೇಳಿದಳು. ನಾವು ಮಾತಾಡೋವಾಗ ‘ಮಳಿ’ ಅಂತೀವಿ, ಪುಸ್ತಕದಾಗ ‘ಮಳೆ’ ಅಂತದ, ಅದೂ ಅಕಿನೇ ಹೇಳಿದಳು. ಈಗ ದುಕಾನ್ ಬಂದ್ ಮಾಡಿ ಬಂದ ಮ್ಯಾಲ ದಿನಾ ಒಂದು ಪುಸ್ತಕ. ಎರಡು ವರ್ಷದಾಗ ನಾ ಒಂದನೇ ಹಂತದಿಂದ ಮೂರನೇ ಹಂತಕ್ಕ ಬಂದೀನಿ. ಹೋದ ವಾರ ಬಸ್ಸಿನ ಬೋರ್ಡ್ ಓದಿದೆ, ‘ಜೇವರ್ಗಿ’ ಅಂತ. ಯಾರಿಗೂ ಕೇಳಲಿಲ್ಲ.

ಮಾಸ್ತರ್ ಸಾಬ್, ಉರ್ದುದಾಗೂ ಅದಾವ ಅಂದ್ರಿ. ಒಂದೇ ಕಥಿ ಎರಡೂ ಭಾಷಾದಾಗ ಸಿಕ್ರ ನಮ್ಮ ಅಮ್ಮಿಗಿ ನಾ ಓದ್ತೀನಿ, ಮಗಳಿಗಿ ಮಗಳೇ ಓದ್ತಾಳ.

ಶಹಾಪುರ ಮಾಸ್ತರ

ಭಾಯಿ, ಸಿಗುತ್ತದೆ. ಅಲ್ಲಿ ಒಂದೇ ಕಥೆ ಎಷ್ಟೋ ಭಾಷೆಗಳಲ್ಲಿ ಇರುತ್ತದೆ. ಕಥೆಯ ಪುಟದಲ್ಲಿಯೇ ಬೇರೆ ಭಾಷೆ ಆರಿಸಿಕೊಳ್ಳಬಹುದು. ನಿಮ್ಮ ಮಾತು ಓದಿ ನನಗೆ ಬಹಳ ಸಂತೋಷವಾಯಿತು. ನಾಳೆ ತರಗತಿಯಲ್ಲಿ ಹೆಸರು ಹೇಳದೆ ಇದನ್ನು ಹೇಳಲೇ?

ರೋಜಾ ಏರಿಯಾ ಅಬ್ಬಾ

ಜರೂರ್ ಹೇಳ್ರಿ.

ಸೇಡಂ ಆಯಿ

ಮೊಮ್ಮಗ ಟೈಪ್ ಮಾಡ್ಲತ್ತಾನ, ನಾ ಹೇಳ್ಲತ್ತೀನಿ. ನೀವೆಲ್ಲಾ ಮಷೀನ್‌ದಾಗಿನ ಕಥಿ ಅಂತೀರಲ್ಲ, ಒಂದು ಮಾತು ಕೇಳ್ರಿ. ನಮ್ಮ ಕಾಲದಾಗ ಮಾಳಿಗಿ ಮ್ಯಾಲ ಮಲಗ್ತಿದ್ದಿವಿ. ಬ್ಯಾಸಗ್ಯಾಗ ಪರ್ಸಿಕಲ್ಲು ನಡುರಾತ್ರಿ ತನಕ ಬಿಸಿ ಇರ್ತಿತ್ತು, ನೀರು ಚೆಲ್ಲಿ ಹಾಸಿಗಿ ಹಾಕ್ತಿದ್ದಿವಿ. ನಮ್ಮ ಮುತ್ಯಾ ಕಥಿ ಸುರು ಮಾಡೋ ಮದ್ಲು ‘ಹೂಂ ಅನ್ನೋರು ಯಾರು?’ ಅಂತ ಕೇಳ್ತಿದ್ದ. ಒಬ್ಬರು ಹೂಂ ಅನ್ಲೇಬೇಕು. ಹೂಂ ನಿಂತ್ರ ಕಥಿ ನಿಂತಂಗ. ಎಲ್ಲರೂ ಮಲಗಿದ್ರೂ ಗೊತ್ತಾಗ್ತಿತ್ತು. ಆಡಿಯೋದಾಗಿನವರಿಗಿ ಹೂಂ ಅನ್ನೋರು ಯಾರವ್ವಾ? ಅವರು ಹೇಳ್ಕೋತನೇ ಹೋಗ್ತಾರ, ಕೂಸು ಮಲಗಿದ್ರೂ ಹೇಳ್ತಾರ.

ರಾತ್ರಿಪಾಳಿ ತಂಗೀ, ನಿನ್ನ ಮಗಳು ರೊಟ್ಟಿ ಬಡಿಯೋವಾಗ ಕಥಿ ನಿಲ್ಲಸ್ತಾಳಲ್ಲ, ಅದೇ ಹೂಂ. ಭಾಳ ಶ್ಯಾಣ್ಯಾ ಅದಾಳ.

ನನಗ ಗುಬ್ಬಿ-ಕಾಗಿ ಕಥಿ ಬರ್ತದ. ಗುಬ್ಬಿದು ಕಲ್ಲಿನ ಮನಿ, ಕಾಗಿದು ಸೆಗಣಿ ಮನಿ. ಮಳಿ ಬಂದು ಕಾಗಿ ಮನಿ ಕರಗಿ ಹೋತು. ಕಾಗಿ ಬಂದು ‘ಗುಬ್ಬಕ್ಕಾ ಗುಬ್ಬಕ್ಕಾ ಬಾಗಲಾ ತಗಿ’ ಅಂತದ. ಗುಬ್ಬಿ ‘ತಡಿ, ಕೂಸಿಗಿ ಎರೀಲತ್ತೀನಿ’ ಅಂತದ. ಮತ್ತ ‘ಬಾಗಲಾ ತಗಿ’. ‘ತಡಿ, ಕೂಸಿಗಿ ಎಣ್ಣಿ ಹಚ್ಲತ್ತೀನಿ.’ ‘ತಡಿ, ಕೂಸಿಗಿ ಅಂಗಿ ಹಾಕ್ಲತ್ತೀನಿ.’ ಹೇಳೋರ ಕೈಯಾಗ ಅದ, ಎಷ್ಟು ಸಲ ತಡಿ ಅಂತೀವಿ ಅಂತ. ಕೂಸು ನಗೋ ತನಕ ಹೇಳ್ತೀನಿ ನಾನು.

ರಾತ್ರಿಪಾಳಿ ಅವ್ವ, ಕಲಬುರಗಿ

ಆಯಿ, ಈ ಕಥಿ ನನಗೂ ಗೊತ್ತಿತ್ತು. ಆದ್ರ ಈಗ ಓದಿ ಗಂಟಲ ಕಟ್ಟಿತು. ಸಣ್ಣಾಕಿ ಇದ್ದಾಗ ನಾ ಕಾಗಿ ಕಡಿ ಇದ್ದೆ, ಮಳ್ಯಾಗ ನಿಂತದಲ್ಲ ಪಾಪ ಅಂತ. ಈಗ ಗುಬ್ಬಿ ಆಗೀನಿ. ದಿನಕ್ಕ ಎಷ್ಟು ಸಲ ‘ತಡಿ’ ಅಂತೀನಿ. ತಡಿ, ಯೂನಿಫಾರ್ಮ್ ತೊಳೀಲತ್ತೀನಿ. ತಡಿ, ತಮ್ಮಗ ಉಣಸ್ಲತ್ತೀನಿ. ತಡಿ, ಡ್ಯೂಟಿಗಿ ಹೊತ್ತಾಗ್ಯದ. ಬಾಗಲಾ ಬಡಿಯೋದು ನನ್ನ ಮಗಳೇ. ಮಕ್ಕಳ ಕಥಿ ದೊಡ್ಡವರು ಓದಬೇಕು ಅನ್ನೋದು ಇದಕ್ಕ. ಅದೇ ಕಥಿ, ನಾವು ನಿಂತ ಜಾಗಾ ಬದಲಾಗಿರ್ತದ.

ಬಸವಕಲ್ಯಾಣದ ಸೊಸಿ

ನಮ್ಮತ್ತಿಯವರು ಇದೇ ಕಥಿ ಮರಾಠಿಯೊಳಗ ಹೇಳ್ತಾರ. ಅದ್ರಾಗ ಗುಬ್ಬಿ ಮನಿ ಮೇಣದ್ದು. ಆದ್ರ ಕೊನಿ ನನಗ ಸೇರಲ್ಲ. ಕಾಗಿ ಒಳಗ ಬಂದ ಮ್ಯಾಲ ಅದಕ್ಕ ಒಲಿಯೊಳಗ ಸುಡೋದು, ಬರೀ ಹಾಕೋದು ಅಂತ ಏನೇನೋ ಹೇಳ್ತಾರ. ನನ್ನ ಮಗ ನಾಲ್ಕು ವರ್ಷದವ, ಅತ್ತುಬಿಟ್ಟ. ನಾ ಹೇಳೋವಾಗ ಕಾಗಿಗಿ ಬಿಸಿ ಚಹಾ ಕೊಟ್ಟು, ಮೈ ಒರೆಸಿ ಮಲಗಸ್ತೀನಿ. ಅತ್ತಿಯವರು ‘ಕಥಿ ಕೆಡಿಸಿದಿ’ ಅಂತಾರ. ಯಾರು ಖರೇ?

ಸೇಡಂ ಆಯಿ

ಇಬ್ಬರೂ ಖರೇ. ನಾಲ್ಕು ವರ್ಷದವನಿಗಿ ಚಹಾ ಕೊಡು. ಎಂಟು ವರ್ಷದವನಾದ ಮ್ಯಾಲ ಅವನೇ ಕೇಳ್ತಾನ, ‘ಅಷ್ಟೊತ್ತು ಮಳ್ಯಾಗ ನಿಂದ್ರಿಸಿದ್ದಕ್ಕ ಕಾಗಿಗಿ ಸಿಟ್ಟು ಬರಲಿಲ್ಲೇನು’ ಅಂತ. ಆವಾಗ ಅತ್ತಿ ಕಥಿ ಹೇಳು.

ಧ್ವನಿಪೆಟ್ಟಿಗೆ

ನಾನು ಕಲಬುರಗಿಯವನೇ, ಮದುವಿ ಕಾರ್ಯಕ್ರಮಕ್ಕ ಸೌಂಡ್ ಸಿಸ್ಟಮ್ ಕೆಲಸ ಮಾಡ್ತೀನಿ. ಆಯಿಯವರ ಕಥಿ ರೆಕಾರ್ಡ್ ಆಗಬೇಕು. ಮೊಮ್ಮಗ ತಮ್ಮಾ, ನೀ ಮಾಡಬಹುದು, ಮೊಬೈಲ್ ಸಾಕು.

ಖೋಲ್ಯಾಗ ಪರ್ಸಿ ನೆಲ, ಬರೇ ಗ್ವಾಡಿ ಇದ್ರ ಧ್ವನಿ ಗುಂಯ್ ಅಂತದ. ಹಾಸಿಗಿ, ಕೌದಿ ಇರೋ ಖೋಲಿ ಆರಿಸ್ಕೋ. ಆಯಿ ಹಿಂದ ಒಂದು ದಪ್ಪನ ಕೌದಿ ಇಳಿಬಿಡು. ಫ್ಯಾನ್, ಕೂಲರ್ ಬಂದ್. ಮೊಬೈಲ್ ಬಾಯಿ ನೇರಕ್ಕ ಹಿಡೀಬ್ಯಾಡ, ಉಸುರು ಬಡೀತದ. ಒಂದು ಗೇಣು ದೂರ, ಜರಾ ಓರಿ ಇಡು. ಏರೋಪ್ಲೇನ್ ಮೋಡ್ ಹಾಕೋದು ಮರೀಬ್ಯಾಡ, ಇಲ್ಲಂದ್ರ ಕಾಗಿ ಬಾಗಲಾ ಬಡಿಯೋವಾಗ ಫೋನ್ ಬರ್ತದ. ಮುಖ್ಯ ಮಾತು, ಆಯಿ ಮುಂದ ಒಂದು ಕೂಸು ಕೂಡಬೇಕು. ಹೂಂ ಅನ್ನೋರಿಲ್ಲದೇ ಆಯಿ ಕಥಿ ಹೇಳಲ್ಲ, ಹೇಳಿದ್ರೂ ಒಣಾ ಒಣಾ ಅನಸ್ತದ. ಆ ಹೂಂ ಕೂಡ ರೆಕಾರ್ಡ್ ಆಗ್ಲಿ.

ಜಾಗಾ ಎಷ್ಟು ತಿಂತದ ಅಂತ ಹೆದರಬ್ಯಾಡ್ರಿ. ರೆಕಾರ್ಡಿಂಗ್ ಸೆಟ್ಟಿಂಗ್‌ದಾಗ ಮೊನೊ (ಎಡಕ-ಬಲಕ ಒಂದೇ ಧ್ವನಿ), 64 ಕೆಬಿಪಿಎಸ್ (ಸೆಕೆಂಡಿಗಿ 64 ಕಿಲೋಬಿಟ್) ಇಟ್ರ ಒಂದು ತಾಸಿನ ಕಥಿ 29 ಎಂಬಿ ಒಳಗೇ ಬರ್ತದ. ಮಾತಿಗಿ ಅಷ್ಟು ಸಾಕು. ಹತ್ತು ಕಥಿ ಮಾಡಿದ್ರೂ ಒಂದು ಸಿನಿಮಾದಷ್ಟು ಆಗಲ್ಲ.

ಕಾನೂನಿನ ಮಾತೂ ಹೇಳಿಬಿಡ್ತೀನಿ, ಯಾಕಂದ್ರ ಭಾಳ ಮಂದಿ ಕೇಳ್ತಾರ. ಮುತ್ಯಾ-ಆಯಿಯವರ ಬಾಯಿ ಕಥಿಗಿ ಯಾರ ಪರವಾನಿಗಿನೂ ಬ್ಯಾಡ. ಅಚ್ಚಾದ ಪುಸ್ತಕ ಇದ್ರ, ನಿಮ್ಮ ಕೂಸಿಗಿ ಓದಿ ರೆಕಾರ್ಡ್ ಮಾಡಿ ಮನ್ಯಾಗ ಇಟ್ಕೊಳ್ಳೋದು ಬ್ಯಾರೆ, ಯೂಟ್ಯೂಬ್‌ಗಿ ಹಾಕೋದು ಬ್ಯಾರೆ. ಬರೆದವರು ತೀರಿಕೊಂಡ ಮ್ಯಾಲ 60 ವರ್ಷ ಹಕ್ಕು ಇರ್ತದ. ಪಂಜೆ ಮಂಗೇಶರಾಯರು ತೀರಿದ್ದು 1937ರಾಗ, ಅವರ ಪದ್ಯ ಯಾರಾದ್ರೂ ಹಾಡಿ ಹಾಕಬಹುದು. ಜಿ.ಪಿ. ರಾಜರತ್ನಂ ತೀರಿದ್ದು 1979ರಾಗ, ಅವರದಕ್ಕ 2039 ಮುಗಿಯೋ ತನಕ ಕೇಳಿಯೇ ಹಾಕಬೇಕು. ಸ್ಟೋರಿವೀವರ್‌ದಾಗಿನವು ಮುಕ್ತ ಲೈಸೆನ್ಸಿನವು. ಬರೆದವರು, ಚಿತ್ರ ತೆಗೆದವರ ಹೆಸರು ಹೇಳಿ ನಮ್ಮ ಮಾತಿಗಿ ಬದಲಿಸಿ ಓದಿ ಹಾಕಬಹುದು. ಅಂದ್ರ ಅಕ್ಕಾ, ನಿಮ್ಮ ಕಲಬುರಗಿ ಮಾತಿನ ಓದು ತಪ್ಪಲ್ಲ ಅಷ್ಟೇ ಅಲ್ಲ, ನಾಕು ಮಂದಿಗಿ ಮುಟ್ಟಸ್ಲಕ ದಾರಿನೂ ಅದ.

ಶಹಾಪುರ ಮಾಸ್ತರ

ರೆಕಾರ್ಡಿಂಗ್ ಮಾತು ಬಂತು, ಒಂದು ಸಂಗತಿ ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಮನೆಯವರು ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬೈ. ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ. ನನ್ನ ತರಗತಿಯ ಒಬ್ಬ ಹುಡುಗಿಯ ತಾಯಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾಳೆ. ರಾತ್ರಿ ಶೆಡ್ಡಿನಲ್ಲಿ ಕೂತು ಮೂರು-ನಾಲ್ಕು ನಿಮಿಷದ ಕಥೆ ಹೇಳಿ ವಾಟ್ಸಾಪ್‌ನಲ್ಲಿ ಧ್ವನಿ ಕಳಿಸುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಹಿಂದೆ ಕಾಂಕ್ರೀಟ್ ಮಿಕ್ಸರ್ ಸದ್ದು ಕೇಳುತ್ತಿರುತ್ತದೆ, ಯಾರೋ ಕೂಗುತ್ತಿರುತ್ತಾರೆ. ಹುಡುಗಿ ಮುಂಜಾನೆ ಶಾಲೆಗೆ ಬಂದು ಆ ಕಥೆಯನ್ನು ನನಗೆ ಹೇಳುತ್ತಾಳೆ, ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಅವಳು ಅದನ್ನು ಪಟ್ಟಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಇಳಿಸಿಕೊಳ್ಳುತ್ತಾಳೆ. ಈಗ ಅವಳ ಪಟ್ಟಿಯಲ್ಲಿ ಇಪ್ಪತ್ತಾರು ಕಥೆಗಳಿವೆ. ಎಳ್ಳಮಾಸಿಗೆ ತಾಯಿ ಊರಿಗೆ ಬಂದಾಗ, ಹೊಲದಲ್ಲಿ ಭಜ್ಜಿ-ರೊಟ್ಟಿ ಉಂಡ ಮೇಲೆ, ತಾಯಿಯ ಕಥೆಯನ್ನೇ ಮಗಳು ತಾಯಿಗೆ ಓದಿ ತೋರಿಸಿದಳಂತೆ.

ಟೈಮ್ ಎಲ್ಲಿಂದ ತರಲಿ ಎಂದು ಕೇಳಿದಿರಿ. ನಾಲ್ಕು ನಿಮಿಷ ಎಂದು ಅವಳು ತೋರಿಸಿದ್ದಾಳೆ.

ಬಸವಕಲ್ಯಾಣದ ಸೊಸಿ

ಮಾಸ್ತರ್ರೇ, ಇದನ್ನ ಓದಿ ಸುಮ್ನೇ ಕೂತುಬಿಟ್ಟೆ. ನಾ ಮನ್ಯಾಗೇ ಇದ್ದು ‘ಹೊತ್ತಿಲ್ಲ’ ಅಂತಿದ್ದೆ.

ಹುಮನಾಬಾದ್ ಅಪ್ಪ

ಆ ಇಪ್ಪತ್ತಾರು ಕಥಿ ಅಚ್ಚಾಗಬೇಕು ಮಾಸ್ತರ್ರೇ. ತಾಯಿ ಒಪ್ಪಿದ್ರ ಕಾಗದದ ಖರ್ಚು ನಂದು.

ಆಳಂದ ರೋಡ್

ಹನ್ನೆರಡು ದಿನದ ಮ್ಯಾಲ ಹೊಳ್ಳಿ ಬಂದೀನಿ. ಸ್ಪೀಕರ್ ತಂದೆ. ಮದ್ಲಿನ ಮೂರು ದಿನ ಮಗ ಮುನಿಸ್ಕೊಂಡು ಕೂತಿದ್ದ, ಕಥಿ ಕೇಳಲ್ಲ ಅಂದ, ಮೊಬೈಲೇ ಬೇಕು ಅಂದ. ನಾ ಏನೂ ಹೇಳಲಿಲ್ಲ. ತೊಗರಿ ಬ್ಯಾಳಿ ಹಸನು ಮಾಡ್ಕೋತ ನಾನೊಬ್ಬಕಿನೇ ಕಥಿ ಹಚ್ಚಿ ಕೇಳಿದೆ. ರಾತ್ರಿಪಾಳಿ ಅಕ್ಕ ಅಂದಂಗ ನನಗೋಸ್ಕರ ಅಂತ. ನಾಲ್ಕನೇ ದಿನ ನಗೋ ಜಾಗಕ್ಕ ನಾ ನಕ್ಕೆ, ಅವ ಒಳಗಿಂದ ‘ಏನಾತು?’ ಅಂದ. ‘ಬಂದು ಕೇಳು’ ಅಂದೆ. ಬಂದು ಮೊರದ ಮುಂದ ಕೂತ. ಹರಳು ಆರಿಸ್ಕೋತ ಪೂರಾ ಕಥಿ ಕೇಳಿದ.

ಓದೋದು ಇನ್ನೂ ನಿಧಾನನೇ ಅದ. ಆದ್ರ ಎರಡನೇ ಹಂತದ್ದು ಒಂದು ಪುಸ್ತಕ ಪ್ರಿಂಟ್ ತಗಸಿ ಕೊಟ್ಟೀನಿ. ಹನ್ನೆರಡು ಪುಟ, ಪ್ರಿಂಟ್ ಅಂಗಡ್ಯಾಗ ಕಪ್ಪು-ಬಿಳಿ ತಗಸಿದ್ದೆ, ಅವನೇ ಬಣ್ಣ ತುಂಬ್ಲತ್ತಾನ. ಬಣ್ಣ ತುಂಬೋವಾಗ ಕೆಳಗಿನ ಸಾಲು ಬಾಯಿಬಿಟ್ಟು ಓದ್ತಾನ. ನಾ ಬಾಜೂಕ ಕೂಡ್ತೀನಿ, ಬಾಯಿ ಹಾಕಲ್ಲ. ಮಾಸ್ತರ್ರೇ, ತಪ್ಪು ಓದಿದ್ರ ತಿದ್ದಬೇಕೋ ಬಿಡಬೇಕೋ?

ಶಹಾಪುರ ಮಾಸ್ತರ

ಅರ್ಥ ಕೆಡದಿದ್ದರೆ ಬಿಡಿ. ಅವನೇ ನಿಂತು ಹಿಂದಕ್ಕೆ ಹೋಗಿ ಸರಿಮಾಡಿಕೊಂಡರೆ ಅದೇ ದೊಡ್ಡದು. ಕೇಳಿದರೆ ಮಾತ್ರ ಹೇಳಿ.

ಧ್ವನಿಪೆಟ್ಟಿಗೆ

ಆಯಿಯವರ ಮೊಮ್ಮಗ ಕಥಿ ಕಳಿಸ್ಯಾನ! ಹನ್ನೊಂದು ಮಿನಿಟು ಅದ. ಸುರುವಿನ್ಯಾಗ ನಾಯಿ ಬೊಗಳಿದ್ದಷ್ಟು ಕತ್ತರಿಸೀನಿ, ಬ್ಯಾರೆ ಏನೂ ಮುಟ್ಟಿಲ್ಲ. ಒಂದು ಸಣ್ಣ ಧ್ವನಿ ನಡುನಡುವ ಹೂಂ ಅಂತದ, ಒಂಬತ್ತನೇ ಮಿನಿಟಿಗಿ ಹೂಂ ನಿಂತದ. ಆವಾಗ ಆಯಿ ಮೆಲ್ಲಕ ‘ಮಲಗ್ತು’ ಅಂದು, ಉಳಿದದ್ದು ಮೊಮ್ಮಗನಿಗಿ ಹೇಳಿ ಮುಗಿಸ್ಯಾರ. ಬೇಕಾದವರಿಗಿ ಕಳಸ್ತೀನಿ.

ರಾತ್ರಿಪಾಳಿ ಅವ್ವ, ಕಲಬುರಗಿ

ನನಗ ಮದ್ಲು ಕಳಿಸಿದ್ರಿ, ಭಾಳ ಉಪಕಾರ ಆತು ಅಣ್ಣಾ. ನಿನ್ನಿ ರಾತ್ರಿ ಡ್ಯೂಟಿಗಿ ಹೋಗೋವಾಗ ಬಸ್ಸಿನ್ಯಾಗ ಕೇಳಿದೆ. ಕಾಗಿ ‘ಬಾಗಲಾ ತಗಿ’ ಅಂದಾಗ ನನಗ ಗೊತ್ತಿಲ್ಲದೇ ಬಾಯಿಬಿಟ್ಟು ‘ಹೂಂ’ ಅಂದೀನಿ. ಬಾಜೂ ಸೀಟಿನ ಹೆಣಮಗಳು, ಕೈಯಾಗ ಟಿಫಿನ್ ಡಬ್ಬಿ, ದಿನದ ಕೆಲಸ ಮುಗಿಸಿ ಮನಿಗಿ ಹೊಂಟಿದ್ದಳು, ‘ಏನ್ ಕೇಳ್ಲತ್ತೀರಿ?’ ಅಂದಳು. ಒಂದು ಕಿವೀದು ತೆಗೆದು ಅಕಿಗಿ ಕೊಟ್ಟೆ. ಇಬ್ಬರೂ ಕೂಡಿ ಕೇಳಿದಿವಿ. ಕೂಸಿಗಿ ಅಂಗಿ ಹಾಕೋ ಜಾಗಕ್ಕ ಬಂದಾಗ ಅಕಿ ಸ್ಟಾಪ್ ಬಂತು. ಇಳಿಯೋ ಗಡಿಬಿಡ್ಯಾಗೇ ನಂಬರ್ ಹೇಳಿ, ‘ಉಳಿದದ್ದು ಕಳಿಸ್ರಿ, ನಮ್ಮ ಹುಡುಗರು ಎಚ್ಚರ ಇರ್ತಾವ’ ಅಂದಳು.

ಆಯಿ, ಅಕಿಗಿ ನಿಮ್ಮ ಕಥಿ ಕಳಿಸ್ಲಾ?

ಸೇಡಂ ಆಯಿ

ಕಳಿಸವ್ವಾ. ಹೂಂ ಅನ್ಲಕ ಹೇಳು.